ಹೊಳೆಯಿಲ್ಲದ ಊರಿನ ಸೈಕಲ್ ದಾರಿಗಳು

ನದಿಯ ದಂಡೆಯ ಮೇಲೆ ಹುಟ್ಟಿದ ಊರುಗಳಿಗೆ ಒಂದು ಸುಖವುಂಟು. ಅಲ್ಲಿ ಸಂಚಾರಕ್ಕೆ ಹೊರಟವನು ಯಾರನ್ನೂ ದಾರಿ ಕೇಳಬೇಕಾಗಿಲ್ಲ. ಹಂಪೆಗೆ ಹೋದವನು ಬಾಡಿಗೆಯ ಸೈಕಲ್ಲನ್ನೇರಿ ತುಂಗಭದ್ರೆಯ ಆಸುಪಾಸಿನಲ್ಲಿ ತಿರುಗಾಡಿದರೆ ಸಾಕು, ನೋಡತಕ್ಕದ್ದೆಲ್ಲ ತಾನಾಗಿಯೇ ಎದುರಾಗುತ್ತದೆ. ಹುಬ್ಬಳ್ಳಿಗೆ ಆ ಭಾಗ್ಯವಿಲ್ಲ. ಕೋಟೆಯ ನೆನಪನ್ನು ಹೆಸರಿನಲ್ಲಿ ಉಳಿಸಿಕೊಂಡ ದುರ್ಗದ ಬೈಲು ಇಲ್ಲಿದೆ, ಮಠಗಳಿವೆ, 1,507 ಮೀಟರ್ ಉದ್ದದ ರೈಲ್ವೆ ಪ್ಲಾಟ್‌ಫಾರಂ ಇದೆ. ಹೊಳೆ ಮಾತ್ರ ಇಲ್ಲ.

ಆದರೂ ಕಮರಿಪೇಟೆಯ ಇಕ್ಕಟ್ಟಾದ ಓಣಿಯಿಂದ ರವಿವಾರ ನಸುಕಿನಲ್ಲಿ ಸೈಕಲ್ಲು ಹೊರಡಿಸುವ ತರುಣನು ಮನಸ್ಸು ಮಾಡಿದರೆ ಒಂದಲ್ಲ, ಎರಡು ಹೊಳೆಗಳ ದಾರಿ ಹಿಡಿಯಬಹುದು. ಒಂದರ ನೀರು ಪಡುವಣ ಕಡಲಿಗೆ ಹೋಗುತ್ತದೆ, ಇನ್ನೊಂದರದು ಮೂಡಣ ಕಡಲಿಗೆ. ಈ ಸಂಗತಿ ಹುಬ್ಬಳ್ಳಿಯಲ್ಲಿಯೇ ಹುಟ್ಟಿ ಬೆಳೆದ ಅನೇಕರಿಗೆ ತಿಳಿಯದು. ತಿಳಿಯಲು ಡಾಂಬರು ರಸ್ತೆಯನ್ನು ಬಿಡಬೇಕಾಗುತ್ತದೆ.

ಡಾಂಬರನ್ನು ಬಿಟ್ಟು ಗರಸಿನ ದಾರಿಯಲ್ಲಿಯೇ ಓಡಿಸುವ ಸೈಕಲ್ಲುಗಳು ಈಗ ಬೇರೆಯಾಗಿಯೇ ದೊರೆಯುತ್ತವೆ. ಪಂದ್ಯದ ಸೈಕಲ್ಲಿನಂತೆ ಬಾಗಿದ ಹಿಡಿ, ಆದರೆ ಸುಮಾರು 40 ಮಿಲಿಮೀಟರ್ ಅಗಲದ ಟೈರು. ಅಮೆರಿಕದ ಕ್ಯಾನ್ಸಸ್ ಪ್ರಾಂತದ ಎಂಪೋರಿಯಾ ಎಂಬ ಊರಿನಲ್ಲಿ 2006ರಲ್ಲಿ ಆರಂಭವಾದ 200 ಮೈಲಿಯ ಪಂದ್ಯವೊಂದು ಈ ಹವ್ಯಾಸಕ್ಕೆ ಬಹಳ ಹೆಸರು ತಂದಿತು. ನಮ್ಮ ಹಳ್ಳಿಗಳ ಹಾಲಿನವರೂ ಅಂಚೆಯವರೂ ಇಂಥ ದಾರಿಗಳಲ್ಲಿ ಸಾದಾ ಸೈಕಲ್ಲಿನಲ್ಲಿಯೇ ಜೀವಮಾನವೆಲ್ಲ ಓಡಾಡಿದರು. ಅವರಿಗೆ ಯಾರೂ ಪದಕ ಕೊಡಲಿಲ್ಲವೆಂಬುದು ಬೇರೆ ಮಾತು.

ಸವಾರನಿಗೆ ಮೊದಲು ತಿಳಿದಿರಬೇಕಾದುದು ನೆಲದ ಗುಣ. ಹುಬ್ಬಳ್ಳಿಯು ಎರಡು ನೆಲಗಳ ಗಡಿಯಲ್ಲಿ ಕುಳಿತ ಊರು. ಪಶ್ಚಿಮಕ್ಕೆ ಮಸಾರಿ, ಅಂದರೆ ಕೆಂಪು ನೆಲ. ಪೂರ್ವಕ್ಕೆ ಎರೆ, ಕಪ್ಪು ನೆಲ. ನಕಾಶೆಯಲ್ಲಿ ಎರಡು ದಾರಿಗಳೂ ಒಂದೇ ಬಗೆಯ ಗೆರೆಗಳಾಗಿ ಕಾಣುತ್ತವೆ. ಗಾಲಿಗೆ ಮಾತ್ರ ಅವು ಒಂದೇ ಅಲ್ಲ.

ಪಶ್ಚಿಮದ ದಾರಿ ಉದಾರವಾದುದು. ಊರಿನಿಂದ ಧಾರವಾಡದತ್ತ ಹೊರಟರೆ, 2018ರಲ್ಲಿ ಓಡತೊಡಗಿದ ‘ಚಿಗರಿ’ ಬಸ್ಸುಗಳ ಗದ್ದಲ ದಾಟಿದೊಡನೆ ಉಣಕಲ್ಲು ಬರುತ್ತದೆ. ಕೆರೆಯನ್ನು ಎಲ್ಲರೂ ನೋಡುತ್ತಾರೆ. ಊರೊಳಗೆ ಮನೆಗಳ ನಡುವೆ ಅಡಗಿದ ಚಂದ್ರಮೌಳೇಶ್ವರನನ್ನು ನೋಡುವವರು ಕಡಿಮೆ. ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪ. ನಾಲ್ಕು ದಿಕ್ಕಿಗೂ ಬಾಗಿಲು. ಅಲ್ಲಿಂದ ಹೆದ್ದಾರಿಯ ಆಸೆ ಬಿಟ್ಟು ಹಳ್ಳಿಯ ದಾರಿಗಳಲ್ಲಿ ನೈರುತ್ಯಕ್ಕೆ ತಿರುಗಿ ದೇವರಗುಡಿಹಾಳದ ಕಡೆ ಸಾಗಿದರೆ ನೆಲ ಕೆಂಪಾಗುತ್ತದೆ, ದಿಬ್ಬಗಳು ಏಳುತ್ತವೆ, ಗರಸು ಗಾಲಿಯ ಕೆಳಗೆ ಕರಕರ ಸದ್ದು ಮಾಡುತ್ತದೆ. ರಾತ್ರಿ ಮಳೆ ಸುರಿದಿದ್ದರೂ ಬೆಳಗಿಗೆ ನೀರು ಬಸಿದು ದಾರಿ ಗಟ್ಟಿಯಾಗಿರುತ್ತದೆ. ಶ್ರಾವಣದಲ್ಲಿಯೂ ಇಲ್ಲಿ ಧೈರ್ಯವಾಗಿ ಹೋಗಬಹುದು.

ಮುಂದೆ ದುಮ್ಮವಾಡದ ಬಳಿ ನೀರಸಾಗರ. ಬೇಡ್ತಿ ಹಳ್ಳಕ್ಕೆ ಅಡ್ಡಗಟ್ಟಿ 1950ರ ದಶಕದಲ್ಲಿ ಹುಬ್ಬಳ್ಳಿಗೆ ಕುಡಿಯುವ ನೀರಿಗಾಗಿ ನಿರ್ಮಿಸಿದ ಜಲಾಶಯವಿದು. ನಲ್ಲಿಗೆ ನೀರು ಬರುವ ದಿನವನ್ನು ಎಣಿಸಿ ಕೊಡ ಹಿಡಿದು ಕಾಯುವುದು ಕಮರಿಪೇಟೆಯಂಥ ಹಳೆಯ ಪೇಟೆಗಳ ಮನೆಗಳಿಗೆ ಹೊಸದಲ್ಲ. ಆ ಕೊಡ ತುಂಬಿದ್ದು ಎಲ್ಲಿಂದ ಎಂಬುದನ್ನು ಮಕ್ಕಳಿಗೆ ತೋರಿಸಬೇಕಾದರೆ ಈ ದಂಡೆಗೆ ಕರೆತರಬೇಕು. ಮಳೆ ಕೈಕೊಟ್ಟ ವರ್ಷಗಳಲ್ಲಿ ಇದು ಬತ್ತಿ, ಊರೆಲ್ಲ ದೂರದ ಸವದತ್ತಿಯ ಮಲಪ್ರಭೆಯನ್ನೇ ನೆಚ್ಚಿದ್ದುಂಟು. ಬೇಡ್ತಿಯು ಕಲಘಟಗಿಯ ಕಡೆಗೆ ಹರಿದು, ಧಾರವಾಡದ ಸೋಮೇಶ್ವರನ ಗುಡಿಯ ಬಳಿ ಹುಟ್ಟುವ ಶಾಲ್ಮಲೆಯೊಡನೆ ಕೂಡಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರಿನಿಂದ ಕಡಲು ಸೇರುತ್ತದೆ.

ಹೊಳೆ ಹೋದತ್ತಲೇ ಒಮ್ಮೆ ಹತ್ತಿಯೂ ಹೋಯಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬಾರದಾದಾಗ ಧಾರವಾಡ ಸೀಮೆಯ ಹತ್ತಿಗೆ ಚಿನ್ನದ ಬೆಲೆ ಬಂದಿತು. ಅರಳೆಯ ಅಂಡಿಗೆ ಹೇರಿದ ಚಕ್ಕಡಿಗಳು ಘಟ್ಟವಿಳಿದು ಕುಮಟೆಯ ಬಂದರಿಗೆ ಹೋಗುತ್ತಿದ್ದವು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದುದರ ಹಿಂದೆಯೂ ಕಾರವಾರವನ್ನು ಹತ್ತಿಯ ಬಂದರಾಗಿ ಬೆಳೆಸುವ ಆಸೆಯಿತ್ತು. 1880ರ ದಶಕದಲ್ಲಿ ರೈಲು ಬಂದ ಮೇಲೆ ಚಕ್ಕಡಿಗಳ ಕಾಲ ಮುಗಿಯಿತು.

ಆ ಹತ್ತಿ ಬೆಳೆದದ್ದು ಪೂರ್ವದ ಎರೆಯಲ್ಲಿ. ಕುಸುಗಲ್ಲು ದಾಟಿದರೆ ಮರಗಳು ವಿರಳವಾಗಿ, ಆಕಾಶ ನೆಲದವರೆಗೂ ಇಳಿದು ಬರುತ್ತದೆ. ಹಿಂದಿನವರು ಬೆಳ್ವೊಲವೆಂದು ಕರೆದ ನಾಡು ಇದೇ. ಸುಮಾರು 35 ಕಿಲೋಮೀಟರ್ ದೂರದ ಅಣ್ಣಿಗೇರಿಯಲ್ಲಿ ಅಮೃತೇಶ್ವರನ ದೇವಾಲಯವಿದೆ. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆಯ ಮನೆತನ ಈ ಊರಿನದೆಂದು ಜಿನವಲ್ಲಭನ ಕುರ್ಕ್ಯಾಲ ಶಾಸನ ಹೇಳುತ್ತದೆ. ಮಾರ್ಗಶಿರದಿಂದ ಮಾಘದವರೆಗೆ, ಜೋಳ, ಕಡಲೆ, ಕುಸುಬೆಗಳ ನಡುವಿನ ಬಂಡಿದಾರಿಯಲ್ಲಿ ಸೈಕಲ್ಲು ಹಲಗೆಯ ಮೇಲೆ ಉರುಳಿದಂತೆ ಉರುಳುತ್ತದೆ. ಜಾಲಿಮುಳ್ಳಿನ ಭಯವೊಂದೇ.

ಮಳೆ ಬಿದ್ದ ಮರುದಿನ ಆ ದಾರಿಯೇ ಬೇರೆ. ಎರೆಯ ಜಿಗುಟು ಮಣ್ಣು ನೀರುಂಡು ಉಬ್ಬುತ್ತದೆ. ಮೊದಲು ಟೈರಿಗೆ ಒಂದು ಪದರ. ಹತ್ತು ಮಾರು ಹೋಗುವುದರಲ್ಲಿ ಮಡ್‌ಗಾರ್ಡು ತುಂಬುತ್ತದೆ. ಬಳಿಕ ಗಾಲಿಯೇ ತಿರುಗುವುದಿಲ್ಲ. ತಳ್ಳಿದರೂ ಬಾರದು. ಕಾಲಿನ ಚಪ್ಪಲಿ ಮಣ್ಣಿನಲ್ಲಿಯೇ ಉಳಿಯುತ್ತದೆ. ಸಾವಿರಾರು ರೂಪಾಯಿಯ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು, ಹೊಲದ ಬದುವಿನ ಹುಲ್ಲು ಹುಡುಕುತ್ತ ಮೈಲಿಗಟ್ಟಲೆ ನಡೆಯಬೇಕು. 2023ರಲ್ಲಿ ಎಂಪೋರಿಯಾದ ಪಂದ್ಯದಲ್ಲಿಯೂ ಇದೇ ಆಯಿತು. ಜಗತ್ತಿನ ಹೆಸರಾಂತ ಸವಾರರು ಕೆಸರಿನಲ್ಲಿ ಸೈಕಲ್ಲು ಹೊತ್ತು ನಡೆದರು.

ನಡೆಯುವ ಕಷ್ಟವಾದರೂ ಸಹಿಸಬಹುದು. ಬೆಣ್ಣಿಹಳ್ಳದ ಅಪಾಯ ಬೇರೆ. ದುಂಡಸಿಯ ಕಡೆ ಹುಟ್ಟಿ ಉತ್ತರಕ್ಕೆ ಹರಿದು ಮಲಪ್ರಭೆಯನ್ನು ಸೇರುವ ಈ ಹಳ್ಳ ಬೇಸಗೆಯಲ್ಲಿ ಸಾಧುವಿನಂತೆ ಕಾಣುತ್ತದೆ. ಅದರ ದಂಡೆಯ ಯಮನೂರಿನ ಉರುಸಿನಲ್ಲಿ ಹಿಂದೂ ಮುಸಲ್ಮಾನರಿಬ್ಬರೂ ಕೂಡುತ್ತಾರೆ. ಹಳ್ಳದ ನೀರಿನಿಂದಲೇ ಅಲ್ಲಿ ದೀಪ ಉರಿಯುವುದೆಂದು ಭಕ್ತರ ನಂಬಿಕೆ. ಆದರೆ ಎರೆಭೂಮಿ ಒಮ್ಮೆ ತೊಯ್ದ ಮೇಲೆ ಮಳೆಯ ನೀರನ್ನು ಒಳಗೆ ಬಿಡುವುದಿಲ್ಲ. ಬಿದ್ದದ್ದೆಲ್ಲ ಹಳ್ಳಕ್ಕೆ ಓಡುತ್ತದೆ. ಸವಾರನ ತಲೆಯ ಮೇಲೆ ಬಿಸಿಲಿರುವಾಗಲೇ ಮೇಲುಗಡೆಯ ಮಳೆಯಿಂದ ಹಳ್ಳ ಏರಿ ಬರಬಹುದು. ಹೊಲಗಳು ಮುಳುಗಿ, ಹಳ್ಳಿಗಳು ನಡುಗಡ್ಡೆಗಳಾದ ವರ್ಷಗಳಿವೆ.

ಇದನ್ನು ಬಲ್ಲವರು ಹೊಲದಲ್ಲಿರುವವರು. ಮೋಡ ನೋಡಿ, ಹೆಂಟೆ ಒಡೆದು ನೋಡಿ ಅವರು ಹೇಳುವ ಮಾತು ಕೈಯಲ್ಲಿರುವ ಫೋನಿನ ನಕಾಶೆಗಿಂತ ಹೆಚ್ಚು ನಂಬತಕ್ಕದ್ದು.

“ಎಲ್ಲಿಗೆ ಹೊಂಟಿ ತಮ್ಮಾ? ನಿನ್ನಿ ಮ್ಯಾಗಿನ ಸೀಮ್ಯಾಗ ಮಳಿ ಆಗೇತಿ. ಹಳ್ಳದ ದಾರಿ ಹಿಡೀಬ್ಯಾಡ” ಎಂದು ಬದುವಿನ ಮೇಲೆ ಕುಳಿತ ಅಜ್ಜ ಹೇಳಿದರೆ, ನಗರದ ತರುಣನು ಮರುಮಾತಿಲ್ಲದೆ ಹಿಂತಿರುಗುವುದೇ ಲೇಸು. ತಿರುಗುವಾಗ ಅವನಿಗೆ ನಾಚಿಕೆಯಾಗಬೇಕಾದ ಕಾರಣವಿಲ್ಲ. ಚಕ್ಕಡಿ ಹೊಡೆಯುವವರೂ ಆ ದಿನ ಎತ್ತು ಹೂಡಿರುವುದಿಲ್ಲ.

ಕಮರಿಪೇಟೆಗೆ ಮರಳುವ ಹೊತ್ತಿಗೆ ಬಿಸಿಲೇರಿರುತ್ತದೆ. ಪಶ್ಚಿಮಕ್ಕೆ ಹೋಗಿದ್ದವನ ಅಂಗಿಯ ಮೇಲೆ ಕೆಂಪು ಧೂಳು, ಕೊಡಹಿದರೆ ಹೋಗುತ್ತದೆ. ಪೂರ್ವಕ್ಕೆ ಹೋಗಿದ್ದವನ ಸೈಕಲ್ಲಿಗೆ ಎರೆ ಮೆತ್ತಿ ಕಲ್ಲಾಗಿರುತ್ತದೆ, ಕಡ್ಡಿಯಿಂದ ಕೆರೆಯಬೇಕು. “ಆ ರಾಡಿ ಒಳಗ ತರಬ್ಯಾಡೋ, ಅಲ್ಲೇ ಕಟ್ಟೀ ಕೆಳಗ ನಿಲ್ಲಿಸು” ಎಂದು ತಾಯಿ ಬಾಗಿಲಿನಿಂದಲೇ ಕೂಗುತ್ತಾಳೆ. ನಲ್ಲಿ ಬರುವುದು ನಾಳೆಯಾದರೆ, ಸೈಕಲ್ಲು ತೊಳೆಯುವುದೂ ನಾಳೆಯೇ.