ಕೂತು ಹೋಗಲು ಒಂದು ಮೂಲೆ

ಮುಂಬಯಿಯ ಫೋರ್ಟ್ ಪ್ರದೇಶದಲ್ಲಿ ಈಗ ದುಡ್ಡಿದ್ದವರಿಗೆ ಎಲ್ಲವೂ ಸಿಗುತ್ತದೆ. ಸಿಗದಿರುವುದು ಒಂದೇ: ಕಡಿಮೆ ಕಾಸಿನಲ್ಲಿ ತಾಸುಗಟ್ಟಲೆ ಕೂರಲು ಒಂದು ಕುರ್ಚಿ. ಪರವೂರಿನಿಂದ ಬಂದವನಿಗೆ ಊಟಕ್ಕಿಂತ ಮೊದಲು ಬೇಕಾಗುವುದು ಅದೇ. ಚೀಲ ಕಾಲ ಬಳಿ ಇಟ್ಟು, ಬೆವರು ಒರೆಸಿಕೊಂಡು, ಇನ್ನು ಎತ್ತ ಹೋಗಲಿ ಎಂದು ಯೋಚಿಸಲು ಅವನಿಗೊಂದು ಜಾಗ ಬೇಕು. ಆ ಜಾಗವನ್ನು ಇಡೀ ನಗರಕ್ಕೆ ಕೊಟ್ಟವರು ಇರಾನಿಗಳು.

ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ. ಅದಕ್ಕೂ ಮುಂಚೆ ನಮ್ಮ ಉತ್ತರ ಕನ್ನಡದವರಿಗೆ ಮುಂಬಯಿ ಎಂದರೆ ರಾತ್ರಿಯಿಡೀ ಬಸ್ಸಿನ ಪ್ರಯಾಣ. ಮೈಯೆಲ್ಲ ನೋಯುತ್ತ ಇಳಿದವರನ್ನು ಫೋರ್ಟಿನ ಆಫೀಸೊಂದರಲ್ಲಿ ಗುಮಾಸ್ತರಾಗಿದ್ದ ನಮ್ಮ ದೊಡ್ಡಪ್ಪ ನೇರ ಇರಾನಿ ಹೋಟೆಲಿಗೇ ಕರೆದೊಯ್ಯುತ್ತಿದ್ದರು. "ಮೊದಲು ಕೂತ್ಕೋ ತಮ್ಮಾ, ಮುಂಬಯಿ ಎಲ್ಲಿಗೂ ಓಡಿ ಹೋಗೂದಿಲ್ಲ" ಅನ್ನುತ್ತಿದ್ದರು.

ದುಂಡನೆಯ ಅಮೃತಶಿಲೆಯ ಮೇಜು, ಬಾಗಿಸಿದ ಮರದ ಕಪ್ಪು ಕುರ್ಚಿ, ಗೋಡೆಗೆ ಆಳೆತ್ತರದ ಕನ್ನಡಿ. ಬಾಗಿಲ ಬಳಿ ಗಲ್ಲಾ. ಅದರ ಹಿಂದೆ ಗಾಜಿನ ಭರಣಿಗಳಲ್ಲಿ ಖಾರಿ, ನಾನ್‌ಖಟಾಯಿ. ಪಕ್ಕದಲ್ಲಿ ಸೋಪು, ಬ್ಲೇಡು, ಬೆಂಕಿಪೊಟ್ಟಣ, ಮೊಟ್ಟೆ. ಬ್ರುನ್ ಪಾವ್ ಎಂಬ ಬ್ರೆಡ್ಡಿನ ಮೇಲ್ಪದರ ಎಷ್ಟು ಗಟ್ಟಿ ಎಂದರೆ ಚಾಕು ಇಳಿಯುವಾಗ ಕರಕರ ಸದ್ದಾಗುತ್ತಿತ್ತು. ಅದನ್ನು ಅಡ್ಡಕ್ಕೆ ಸೀಳಿ, ಬೆಣ್ಣೆ ಧಾರಾಳವಾಗಿ ಸವರಿ, ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿ ಮಾಣಿ ತಂದಿಡುತ್ತಿದ್ದ. ಪಟ್ಟಿಯನ್ನು ಚಹಾದಲ್ಲಿ ಅದ್ದಿದೊಡನೆ ಬೆಣ್ಣೆ ಕರಗಿ ಮೇಲೆ ಹಳದಿ ಚುಕ್ಕೆಗಳು ತೇಲುತ್ತಿದ್ದವು. ಮೊದಲ ತುತ್ತಿಗೆ ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಒಂದು ಗಳಿಗೆ ತಡಮಾಡಿದರೆ ಪಟ್ಟಿ ಅರ್ಧಕ್ಕೆ ಕಳಚಿ ಕಪ್ಪಿನ ತಳ ಸೇರುತ್ತಿತ್ತು. ಚಹಾ ಗಟ್ಟಿ ಹಾಲಿನದು, ಸಕ್ಕರೆ ತುಸು ಹೆಚ್ಚೇ. ಇನ್ನೂ ಗಟ್ಟಿ ಬೇಕಾದವರು "ಪಾನಿ ಕಮ್" ಅಂದರೆ ಸಾಕು. ಒಂದು ಕಪ್ ಮುಗಿಸಿ ಪೇಪರು ಬಿಡಿಸಿ ಕೂತರೆ ಯಾರೂ ಎಬ್ಬಿಸುತ್ತಿರಲಿಲ್ಲ. ಎದುರಿನ ಕುರ್ಚಿಯಲ್ಲಿ ಹೈಕೋರ್ಟಿನ ವಕೀಲ ಇರಬಹುದು, ಬಂದರಿನ ಹಮಾಲಿ ಇರಬಹುದು. ಚಹಾ ಒಂದೇ, ಬಶಿಯೂ ಒಂದೇ.

ಇರಾನಿನ ಯಜ್ದ್, ಕೆರ್ಮಾನ್ ಕಡೆಯಿಂದ ಬಡತನ, ಕಿರುಕುಳ ತಾಳಲಾರದೆ ಬಂದ ಜರತುಷ್ಟ್ರ ಧರ್ಮದವರು ಈ ಇರಾನಿಗಳಲ್ಲಿ ಹೆಚ್ಚಿನವರು. ಮೂಲೆಯ ಮಳಿಗೆ ಅಶುಭವೆಂದು ಹಿಂದೂ ವ್ಯಾಪಾರಿಗಳು ದೂರವಿಟ್ಟಿದ್ದರಿಂದ ಅವು ಇವರಿಗೆ ಅಗ್ಗಕ್ಕೆ ಸಿಕ್ಕವು ಎನ್ನುತ್ತಾರೆ. ಹಾಗಾಗಿ ಇರಾನಿ ಹೋಟೆಲಿಗೆ ಎರಡು ರಸ್ತೆ ಕಡೆಯಿಂದಲೂ ಗಾಳಿ, ಬೆಳಕು. ಹೊಸಬನೊಬ್ಬ ಒಳಗೆ ಕೂತೇ ಊರು ನೋಡಬಹುದಿತ್ತು. ಅಂಥವು ನೂರಾರಿದ್ದವು, ಈಗ ಕೆಲವೇ ಉಳಿದಿವೆ.

ಧೋಬಿ ತಲಾವಿನಲ್ಲಿ 1904ರ ಕಯಾನಿ ಇನ್ನೂ ಇದೆ. ಅದರ ಎದುರಿಗಿದ್ದ ಬಾಸ್ತಾನಿ ಇಲ್ಲ. ತಲೆ ಬಾಚಬೇಡಿ, ಅದು ಮಾಡಬೇಡಿ, ಇದು ಮಾಡಬೇಡಿ ಎನ್ನುವ ಇರಾನಿ ಹೋಟೆಲಿನ ಫಲಕವನ್ನೇ ನಿಸೀಮ್ ಎಜೆಕಿಯೆಲ್ ಕವಿತೆ ಮಾಡಿದರು. ಕಾಲಾ ಘೋಡಾದ ವೇಸೈಡ್ ಇನ್ನಿನಲ್ಲಿ ಕವಿ ಅರುಣ್ ಕೊಲಟ್ಕರ್ ಕಿಟಕಿ ಪಕ್ಕ ಕೂತು ಬೀದಿಯನ್ನೇ ನೋಡುತ್ತಿದ್ದರಂತೆ. ಆ ಬೀದಿಯ ಜನವೆಲ್ಲ ಅವರ ಕವಿತೆಗಳಲ್ಲಿದ್ದಾರೆ, ವೇಸೈಡ್ ಇನ್ ಮಾತ್ರ ಈಗ ಇಲ್ಲ. ಅಲ್ಲೇ ಹತ್ತಿರ, ಜಹಾಂಗೀರ್ ಆರ್ಟ್ ಗ್ಯಾಲರಿಯ ಓಣಿಯಂಥ ಜಾಗದಲ್ಲಿ 1964ರಿಂದ ನಡೆದ ಸಮೋವರ್ ಕೆಫೆ 2015ರಲ್ಲಿ ಬಾಗಿಲು ಹಾಕಿತು. ಮರುವರ್ಷ ಸಂಗೀತದ ಅಂಗಡಿ ರಿದಂ ಹೌಸ್.

ನನಗೆ ಎಲ್ಲಕ್ಕಿಂತ ಹೆಚ್ಚು ನೋವಾದದ್ದು ಸ್ಟ್ರ್ಯಾಂಡ್ ಬುಕ್ ಸ್ಟಾಲ್ ಮುಚ್ಚಿದಾಗ. ನಮ್ಮ ಕರಾವಳಿ ಮೂಲದ ಟಿ.ಎನ್. ಶಾನಭಾಗರು 1948ರಲ್ಲಿ ಸ್ಟ್ರ್ಯಾಂಡ್ ಚಿತ್ರಮಂದಿರದಲ್ಲಿ ಚಿಕ್ಕ ಕಟ್ಟೆಯಾಗಿ ಶುರುಮಾಡಿ, ಆಮೇಲೆ ಫೋರ್ಟಿಗೆ ತಂದ ಅಂಗಡಿ ಅದು. ಪುಸ್ತಕ ಕೊಂಡವರಿಗೆಲ್ಲ ಶೇ. 20 ರಿಯಾಯಿತಿ. ಕೊಳ್ಳದೆ ನಿಂತು ಓದುವವನನ್ನೂ ಅಲ್ಲಿ ಯಾರೂ ಗದರುತ್ತಿರಲಿಲ್ಲ. ಫ್ಲೋರಾ ಫೌಂಟನ್ ಸುತ್ತ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಕೆದಕಿ, ಸ್ಟ್ರ್ಯಾಂಡಿನಲ್ಲಿ ಹೊಸದು ಮೂಸಿ, ಕೊಂಡ ಒಂದೇ ಪುಸ್ತಕವನ್ನು ಇರಾನಿಯ ಮೇಜಿನ ಮೇಲೆ ಬಿಡಿಸುವುದು, ಹೀಗೆ ಒಂದು ಮಧ್ಯಾಹ್ನ ಕಳೆಯುತ್ತಿತ್ತು. ಸ್ಟ್ರ್ಯಾಂಡ್ ಮುಚ್ಚಿದ್ದು 2018ರ ಫೆಬ್ರವರಿಯಲ್ಲಿ.

ಇರಾನಿಯಲ್ಲಿ ಕೂತಮೇಲೆ ಊಟಕ್ಕೆ ನಾವು ಹೋಗುತ್ತಿದ್ದುದು ನಮ್ಮವರ ಹೋಟೆಲಿಗೆ. ಮೀನು ತಿನ್ನುವವರಿಗೆ ಮಂಗಳೂರು ಕಡೆಯವರ ಲಂಚ್ ಹೋಮು: ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಗಸಿ. ಸಸ್ಯಾಹಾರಿಗಳಿಗೆ ಉಡುಪಿ. ಎಲೆಯೂಟವೇ ಬೇಕೆಂದರೆ ಮಾಟುಂಗಾದವರೆಗೆ ಹೋಗಬೇಕು, 1942ರಿಂದ ನಡೆದು ಬಂದ ರಾಮಾ ನಾಯಕರ ಬೋರ್ಡಿಂಗಿಗೆ. ಫೋರ್ಟಿನ ಹೋಟೆಲಿನಲ್ಲಿ ಬಡಿಸುವ ಮಾಣಿ ಕನ್ನಡ ಕಿವಿಗೆ ಬಿದ್ದೊಡನೆ "ಯಾವೂರು ಮಾರಾಯ್ರೇ?" ಎಂದು ಕೇಳಿ ಪಲ್ಯ ಇನ್ನೊಂದು ಸಲ ಹಾಕುತ್ತಿದ್ದ. ಹಗಲಿಡೀ ಮೇಜು ಒರೆಸಿ, ರಾತ್ರಿ ಕನ್ನಡ ರಾತ್ರಿಶಾಲೆಯ ಬೆಂಚಿನಲ್ಲಿ ಕೂತು ಮೆಟ್ರಿಕ್ ಪಾಸಾದ ಹುಡುಗರು ಈ ಮಾಣಿಗಳು. ಮುಂದೆ ವಕೀಲರಾದವರೂ ಅವರಲ್ಲಿದ್ದಾರೆ, ತಮ್ಮದೇ ಹೋಟೆಲು ತೆರೆದವರೂ ಇದ್ದಾರೆ. ಊರಿನಿಂದ ಹಾಗೆ ಓಡಿಬರುವ ಹುಡುಗರು ಈಗಿಲ್ಲ. ಅದು ಸಂತೋಷದ ವಿಷಯವೇ. ಆದರೆ ಅವರ ಜೊತೆ ಆ ಶಾಲೆಗಳೂ ಒಂದೊಂದಾಗಿ ಬರಿದಾದವು, ಫೋರ್ಟಿನಲ್ಲಿ ಕನ್ನಡ ಕೇಳುವುದೂ ಅಪರೂಪವಾಯಿತು.

ಇರಾನಿಗಳು ಸೋತದ್ದು ಒಂದೇ ಕಾರಣಕ್ಕಲ್ಲ. ಬೆಳಗಿನ ಜಾವ ಎದ್ದು ಒಲೆ ಹಚ್ಚಿ, ರಾತ್ರಿ ಲೆಕ್ಕ ಮುಗಿಸುವ ಈ ದುಡಿಮೆ ಮಕ್ಕಳಿಗೆ ಬೇಡವಾಯಿತು. ಓದಿದರು, ಹೊರದೇಶಕ್ಕೆ ಹೋದರು. ಎಷ್ಟೋ ಕಡೆ ಪಾಲುದಾರರ ನಡುವೆ ಜಗಳ. ಮೊದಲೇ ಪಗಡಿಯ ದುಡ್ಡು ಕೊಟ್ಟು ಕಡಿಮೆ ಬಾಡಿಗೆಗೆ ಹಿಡಿದ ಮೂಲೆ ಮಳಿಗೆಗೆ ಬಿಲ್ಡರು ತೋರಿಸುವ ಮೊತ್ತದ ಮುಂದೆ ಚಹಾದ ಲಾಭ ಯಾವ ಲೆಕ್ಕ! ಕೆಲವರು ಬದುಕಲೆಂದು ಪರವಾನಗಿ ಪಡೆದು ಬಿಯರ್ ಮಾರಿದರು, ಕುಟುಂಬಗಳು ಕೂರುತ್ತಿದ್ದ ಜಾಗ ಪರ್ಮಿಟ್ ರೂಮ್ ಎಂಬ ಬಾರ್ ಆಯಿತು. ಬ್ಯಾಂಕು, ಕಂಪನಿಗಳು ಬಾಂದ್ರಾ–ಕುರ್ಲಾ ಕಡೆಗೆ ಹೋದಂತೆ ಮಧ್ಯಾಹ್ನದ ಗುಮಾಸ್ತರೂ ಕರಗಿದರು. ಯಾರನ್ನು ದೂರೋಣ? ಗಲ್ಲಾದ ಮೇಲೆ ಮುಪ್ಪಾದ ಮುದುಕ ಮಾರಿಬಿಟ್ಟರೆ ಅದು ಅವನ ಹಕ್ಕು. ಆದರೂ ನನಗೆ ಹೊಟ್ಟೆ ಉರಿಯುತ್ತದೆ.

ಈಗ ಇರಾನಿ ಹೋಟೆಲಿನ ವೇಷ ತೊಟ್ಟ ಹೊಸ ರೆಸ್ಟೋರೆಂಟುಗಳು ಬಂದಿವೆ. ಅದೇ ಕುರ್ಚಿ, ಅದೇ ಚೌಕಳಿ ಮೇಜುಬಟ್ಟೆ. ಅಡುಗೆ ಚೆನ್ನಾಗಿಯೇ ಇರುತ್ತದೆ. ಆದರೆ ಸಂದರ್ಶನಕ್ಕೆಂದು ಕುಮಟೆಯಿಂದ ಬಂದ ಹುಡುಗ ಅಲ್ಲಿ ಒಂದು ಚಹಾ ಹೇಳಿ ಎರಡು ತಾಸು ಕೂರಲಾರ. ಬಾಗಿಲಲ್ಲೇ "ಎಷ್ಟು ಜನ?" ಎಂದು ಕೇಳುತ್ತಾರೆ.

ಸ್ಟ್ರ್ಯಾಂಡ್ ಮುಚ್ಚಿದ 2018ರಲ್ಲೇ ಮುಂಬಯಿಯ ವಿಕ್ಟೋರಿಯನ್ ಗೋಥಿಕ್ ಮತ್ತು ಆರ್ಟ್ ಡೆಕೋ ಕಟ್ಟಡಗಳ ಸಮೂಹ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಕಲ್ಲಿನ ಕಮಾನು, ಬಾಲ್ಕನಿಗಳಿಗೆ ರಕ್ಷಣೆ ಸಿಕ್ಕಿದ್ದು ಒಳ್ಳೆಯದೇ. ಆ ಕಮಾನಿನ ಕೆಳಗೆ ಚಹಾ ಕಾಸುವವನಿಗೂ, ಪುಸ್ತಕ ಮಾರುವವನಿಗೂ ಬಾಡಿಗೆಯಲ್ಲಿ, ತೆರಿಗೆಯಲ್ಲಿ ಒಂದಿಷ್ಟು ಆಸರೆ ಕೊಟ್ಟಿದ್ದರೆ ಕೆಲವಾದರೂ ಉಳಿಯುತ್ತಿದ್ದವು. ಬಲ್ಲಾರ್ಡ್ ಎಸ್ಟೇಟಿನಲ್ಲಿ 1923ರ ಬ್ರಿಟಾನಿಯಾ ಈಗಲೂ ಮಧ್ಯಾಹ್ನ ಬೆರ್ರಿ ಪುಲಾವ್ ಬಡಿಸುತ್ತಿದೆ. ಮೇಜಿಂದ ಮೇಜಿಗೆ ಬಂದು ಮಾತಾಡಿಸುತ್ತಿದ್ದ ಮಾಲೀಕ ಬೋಮನ್ ಕೊಹಿನೂರ್ 2019ರಲ್ಲಿ ತೀರಿಕೊಂಡರೂ ಮನೆಯವರು ಬಿಟ್ಟಿಲ್ಲ. ಕಯಾನಿಯಲ್ಲಿ ಬೆಳಿಗ್ಗೆ ಮಾವಾ ಕೇಕ್ ಸಿಗುತ್ತದೆ. ಇಂಥವರ ಬಾಡಿಗೆ ಕರಾರನ್ನು, ಇವರು ತೆರೆದಿಟ್ಟ ಬಾಗಿಲನ್ನು ಕಾಯುವ ಕಾನೂನೊಂದನ್ನು ಆ ನಗರ ಈಗಲಾದರೂ ಮಾಡಬೇಕು, ಇವರು ದಣಿಯುವ ಮುನ್ನ.