ಒಂದು ಎಲೆ ತನಗೂ

ಊಟಕ್ಕೆ ಕರೆದರೆ ಒಲ್ಲೆ ಅನ್ನುವ ಜಾಯಮಾನ ನನ್ನದಲ್ಲ. ಹೀಗೆ ಹತ್ತಾರು ಮನೆಗಳಲ್ಲಿ ಉಂಡೂ ಉಂಡೂ ಒಂದು ಚಟ ಅಂಟಿಕೊಂಡಿದೆ. ಅಡುಗೆಯ ರುಚಿ ನೋಡುವ ಮೊದಲು ಬಡಿಸುವವರನ್ನು ನೋಡುತ್ತೇನೆ. ಕೆಲವರು ಬಡಿಸಿದರೆ ಎರಡು ತುತ್ತು ಹೆಚ್ಚಾಗಿಯೇ ಇಳಿಯುತ್ತದೆ. ಇನ್ನು ಕೆಲವರು ಅದಕ್ಕಿಂತ ಧಾರಾಳವಾಗಿ, ಅದಕ್ಕಿಂತ ಅಕ್ಕರೆಯಿಂದ ಬಡಿಸಿದರೂ ಅನ್ನ ಗಂಟಲಲ್ಲೇ ನಿಲ್ಲುತ್ತದೆ. ವ್ಯತ್ಯಾಸ ಉಪ್ಪು ಖಾರದಲ್ಲಂತೂ ಇಲ್ಲ.

ನಮ್ಮ ದೊಡ್ಡಮ್ಮ ಕೂತು ಉಂಡದ್ದನ್ನು ನಾವು ಮಕ್ಕಳ್ಯಾರೂ ಕಂಡವರಲ್ಲ. ದೋಸೆಯ ದಿನ ಕಾವಲಿಗೆ ಹತ್ತಿಕೊಂಡದ್ದು, ಹರಿದದ್ದು, ಸೀದದ್ದು ಎಲ್ಲ ಒಲೆಯ ಪಕ್ಕದ ಒಂದು ತಟ್ಟೆಗೆ ಸೇರುತ್ತಿತ್ತು. ಅದು ಅವಳ ತಟ್ಟೆ. ರಸಪುರಿ ಮಾವಿನ ಕಾಲ ಬಂದರೆ ಹೋಳುಗಳೆಲ್ಲ ನಮಗೆ, ಗೊರಟು ಅವಳಿಗೆ. ಕೇಳಿದರೆ, "ನಂಗೆ ಗೊರಟೇ ಇಷ್ಟ ಕಣೋ, ನೀನು ತಿನ್ನು" ಅನ್ನುತ್ತಿದ್ದಳು. ನಾವು ನಂಬಿದ್ದೆವು. ನಂಬುವುದು ಅನುಕೂಲವಾಗಿಯೂ ಇತ್ತು.

ಆದರೆ ಇಷ್ಟೆಲ್ಲ ಬಿಟ್ಟುಕೊಟ್ಟವಳ ಕಣ್ಣೆದುರು ಉಣ್ಣುವುದು ಸುಲಭವಲ್ಲ. ಎಲೆಯಲ್ಲಿ ಚೂರು ಪಲ್ಯ ಉಳಿದರೆ, "ಚೆನ್ನಾಗಿಲ್ವೇನೋ?" ಮೂರನೆಯ ದೋಸೆ ಬೇಡವೆಂದರೆ ಮುಖ ಸಣ್ಣದು. ನಾವು ಎಷ್ಟು ತಿಂದೆವು, ಹೇಗೆ ತಿಂದೆವು, ತಿಂದು ಏನಂದೆವು ಎಂಬುದರ ಮೇಲೆ ಅವಳ ಆ ದಿನದ ಸುಖ ನಿಂತಿರುತ್ತಿತ್ತು. ಹಸಿವಿಲ್ಲದಿದ್ದರೂ ತಿನ್ನುತ್ತಿದ್ದೆವು. ಮನೆಗೆ ಬಂದ ಹೊಸ ಸೊಸೆ ಒಂದು ಬೆಳಿಗ್ಗೆ ಬಿಸಿ ದೋಸೆ ಹಾಕಿಕೊಂಡು ಎಲ್ಲರ ಜೊತೆ ಕೂತುಬಿಟ್ಟಳು. ದೊಡ್ಡಮ್ಮ ಒಂದು ಮಾತೂ ಆಡಲಿಲ್ಲ. ಸೀದ ದೋಸೆಗಳ ತಟ್ಟೆಯನ್ನು ತುಸು ಸದ್ದು ಮಾಡಿ ತನ್ನತ್ತ ಎಳೆದುಕೊಂಡಳು, ಅಷ್ಟೇ. ಆ ಸದ್ದು ನಡುಮನೆಯವರೆಗೂ ಕೇಳಿಸಿತು. ಮರುದಿನದಿಂದ ಸೊಸೆಗೂ ಸೀದ ದೋಸೆಯೇ ಇಷ್ಟವಾಗತೊಡಗಿತು.

ಚಿಕ್ಕಮ್ಮನ ಮನೆಯ ರೀತಿಯೇ ಬೇರೆ. ಯುಗಾದಿಯ ದಿನ ನೈವೇದ್ಯ ಮುಗಿದದ್ದೇ ತಡ, ಅಂಚು ಹರಿಯದೆ ಹದವಾಗಿ ಬೆಂದ ಎರಡು ಒಬ್ಬಟ್ಟು ಆರಿಸಿ, ತುಪ್ಪ ಸವರಿ, ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಒತ್ತುತ್ತಿದ್ದಳು. "ಇದು ನಂದು. ಯಾರೂ ಮುಟ್ಟಕೂಡದು." ಆಮೇಲೆ ಸೆರಗು ಸಿಕ್ಕಿಸಿಕೊಂಡು ಬಡಿಸಲು ನಿಂತರೆ ಎಷ್ಟು ಬೇಕೋ ಅಷ್ಟು. ಬೇಕೆಂದರೆ ಹಾಕುವಳು, ಬೇಡವೆಂದರೆ ಮುಂದಿನ ಎಲೆಗೆ ಹೋಗುವಳು. ನಮ್ಮ ಎಲೆಯಲ್ಲಿ ಏನುಳಿಯಿತು ಎಂದು ಇಣುಕುವಷ್ಟು ಪುರುಸೊತ್ತು ಅವಳಿಗಿರಲಿಲ್ಲ. ತನ್ನ ಊಟದ ಯೋಚನೆ ತನಗಿತ್ತು. ನೆಂಟರಿಷ್ಟರ ಬಾಯಲ್ಲಿ ಅವಳಿಗೆ ತಿಂಡಿಪೋತಿ ಎಂಬ ಬಿರುದು ಬಂದಿತ್ತು. ಆದರೆ ಬೇಸಿಗೆ ರಜಕ್ಕೆ ಎಲ್ಲಿಗೆ ಹೋಗುತ್ತೀರಿ ಎಂದು ಮಕ್ಕಳನ್ನು ಕೇಳಿದರೆ ಒಂದೇ ಉಸಿರಿಗೆ ಹೊರಡುತ್ತಿದ್ದ ಹೆಸರು ಅವಳ ಮನೆಯದೇ. ಬಿರುದು ಕೊಟ್ಟವರ ಮಕ್ಕಳೂ ಅಲ್ಲೇ ಇರುತ್ತಿದ್ದರು.

ಬೌದ್ಧರ 'ಉದಾನ'ದಲ್ಲಿ ಒಂದು ಪುಟ್ಟ ಪ್ರಸಂಗವಿದೆ. ಕೋಸಲದ ರಾಜ ಪಸೇನದಿ ಅರಮನೆಯ ಮಾಳಿಗೆಯ ಮೇಲೆ ರಾಣಿ ಮಲ್ಲಿಕೆಯ ಜೊತೆ ಇದ್ದಾಗ ಅವಳನ್ನು ಕೇಳುತ್ತಾನೆ: ನಿನಗೆ ನಿನಗಿಂತ ಪ್ರಿಯರಾದವರು ಯಾರಾದರೂ ಇದ್ದಾರೆಯೆ? ಯಾವ ಉತ್ತರದ ಆಸೆಯಿಂದ ಕೇಳಿದನೋ, ಗಂಡಸರಾದ ನಾವು ಸುಲಭವಾಗಿ ಊಹಿಸಬಲ್ಲೆವು. ಮಲ್ಲಿಕೆ ಹೂವಾಡಿಗರ ಮನೆಯ ಮಗಳು, ಅರಸನ ಕಣ್ಣಿಗೆ ಬಿದ್ದು ರಾಣಿಯಾದವಳು. ಅವಳು ಕೊಟ್ಟ ಉತ್ತರ: ಇಲ್ಲ. ನನಗಿಂತ ಪ್ರಿಯರು ನನಗೆ ಯಾರೂ ಇಲ್ಲ. ನಿಮಗೆ? ರಾಜ ಯೋಚಿಸಿ ನೋಡಿದ; ತನ್ನ ಕತೆಯೂ ಅಷ್ಟೇ ಎಂದು ಒಪ್ಪಿಕೊಂಡ. ಅಲ್ಲಿಂದ ಬುದ್ಧನ ಹತ್ತಿರ ಹೋಗಿ ಇದನ್ನು ಒಪ್ಪಿಸಿದ. ನಾವಾದರೆ ಇಂಥ ದೂರಿಗೆ ಸ್ವಾರ್ಥ ಬಿಡು ಎಂದು ಉಪದೇಶ ಮಾಡಿ ಕಳಿಸುತ್ತಿದ್ದೆವು. ಬುದ್ಧ ಅವಳ ಮಾತನ್ನು ಅಲ್ಲಗಳೆಯಲೇ ಇಲ್ಲ. ಯಾವ ದಿಕ್ಕಿಗೆ ಹೋಗಿ ಹುಡುಕಿದರೂ ತನಗಿಂತ ಪ್ರಿಯರು ಸಿಗುವುದಿಲ್ಲ, ಬೇರೆಯವರಿಗೂ ಅವರವರ ಜೀವ ಹಾಗೆಯೇ, ಆದ್ದರಿಂದ ತನ್ನನ್ನು ತಾನು ಪ್ರೀತಿಸುವವನು ಇನ್ನೊಬ್ಬರನ್ನು ಹಿಂಸಿಸಬಾರದು ಎಂದ. ಆ 'ಆದ್ದರಿಂದ' ನನಗೆ ಬಹಳ ಹಿಡಿಸಿದೆ. ನನ್ನ ಪ್ರಾಣ ನನಗೆ ಎಷ್ಟು ಸಿಹಿ ಎಂದು ಗೊತ್ತಿರುವುದರಿಂದಲೇ ನಿನ್ನದು ನಿನಗೆಷ್ಟು ಸಿಹಿ ಎಂದು ನನಗೆ ಗೊತ್ತು.

ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯನೂ ಮನೆ ಬಿಟ್ಟು ಹೊರಡುವಾಗ ಹೆಂಡತಿ ಮೈತ್ರೇಯಿಗೆ ಇದಕ್ಕೆ ಹತ್ತಿರದ ಮಾತನ್ನೇ ಹೇಳುತ್ತಾನೆ. ಗಂಡನಾಗಲಿ, ಹೆಂಡತಿಯಾಗಲಿ, ಮಕ್ಕಳಾಗಲಿ ಪ್ರಿಯವಾಗುವುದು ಆತ್ಮದ ಸಲುವಾಗಿ ಎಂದು. ಆ ಆತ್ಮ ನಾವು ದಿನಾ ಕನ್ನಡಿಯಲ್ಲಿ ನೋಡುವ ಆಸಾಮಿಯಲ್ಲ ಎಂದು ವೇದಾಂತಿಗಳು ಎಚ್ಚರಿಸುತ್ತಾರೆ. ಅದು ದೊಡ್ಡವರ ಮಾತು. ನಾನು ಒಬ್ಬಟ್ಟಿನ ಮಟ್ಟದಲ್ಲೇ ನಿಲ್ಲುತ್ತೇನೆ.

5ನೆಯ ಶತಮಾನದಲ್ಲಿ ಸಿಂಹಳದ ಅನುರಾಧಪುರದಲ್ಲಿ ಕೂತು ಬುದ್ಧಘೋಷ ಬರೆದ 'ವಿಸುದ್ಧಿಮಗ್ಗ' ಈ ಮಟ್ಟಕ್ಕೂ ಇಳಿದು ಬರುತ್ತದೆ. ಎಲ್ಲರ ಒಳಿತು ಬಯಸುವ ಮೈತ್ರಿಯ ಧ್ಯಾನವನ್ನು ತನ್ನಿಂದಲೇ ಶುರುಮಾಡಬೇಕು ಎನ್ನುತ್ತಾನೆ ಆತ: ನಾನು ಸುಖವಾಗಿರಲಿ. ಹಾಗಂತ ಅಲ್ಲೇ ಕೂತುಬಿಡುವಂತಿಲ್ಲ. ತನ್ನೊಬ್ಬನ ಮೇಲೆಯೇ ನೂರು ವರ್ಷ ಈ ಭಾವನೆ ಮಾಡಿದರೂ ಸಮಾಧಿ ಸಿದ್ಧಿಸುವುದಿಲ್ಲವಂತೆ. ಶಾಂಪೂ ಬಾಟಲಿಯ ಜಾಹೀರಾತಿನಲ್ಲೂ ನಿಮ್ಮನ್ನು ನೀವು ಪ್ರೀತಿಸಿಕೊಳ್ಳಿ ಎಂದು ಹೇಳಿಸುವ ಈ ಕಾಲದಲ್ಲಿ ನೆನಪಿಡಬೇಕಾದ ಮಾತು. ಮುಂದೆ ಅವನು ಒಂದು ಪರೀಕ್ಷೆ ಒಡ್ಡುತ್ತಾನೆ. ನಾಲ್ವರು ಕೂತಿದ್ದಾರೆ: ನೀನು, ನಿನ್ನ ಪ್ರೀತಿಪಾತ್ರ, ಸಂಬಂಧವೇ ಇಲ್ಲದ ಒಬ್ಬ, ನಿನಗಾಗದ ಇನ್ನೊಬ್ಬ. ಕಳ್ಳರು ಬಂದು, ಬಲಿ ಕೊಡಲು ಒಬ್ಬನನ್ನು ಕೊಡು ಅನ್ನುತ್ತಾರೆ. ವೈರಿಯತ್ತ ಬೆರಳು ತೋರಿಸಿದರೆ ನಪಾಸು. ಅದು ಸರಿ. ಮಿಕ್ಕ ಮೂವರನ್ನು ಬಿಟ್ಟು ನನ್ನನ್ನು ಕರೆದುಕೊಂಡು ಹೋಗಿ ಅಂದರೆ? ಅದೂ ನಪಾಸು! ನಾಲ್ವರಲ್ಲಿ ಯಾರನ್ನೂ ಕೊಡಬೇಕು ಎನಿಸಬಾರದು. ತನ್ನನ್ನು ಕೊಡಲು ಹೊರಟವನು ಒಬ್ಬನ ಕೇಡು ಬಯಸಿದಂತೆಯೇ ಆಯಿತು. ಆ ಒಬ್ಬ ತಾನೇ ಆದ ಮಾತ್ರಕ್ಕೆ ಲೆಕ್ಕ ಬದಲಾಗುವುದಿಲ್ಲ.

ಈ ಪರೀಕ್ಷೆಯಲ್ಲಿ ನಮ್ಮ ದೊಡ್ಡಮ್ಮ ಪಾಸಾಗುವುದು ಕಷ್ಟ. ಅವಳ ಪ್ರೀತಿ ಸಣ್ಣದು ಎಂದಲ್ಲ. ಪಂಕ್ತಿಯಲ್ಲಿ ತನಗೊಂದು ಎಲೆ ಹಾಕಿಕೊಳ್ಳದವಳಿಗೆ ಉಣ್ಣುವ ಹಕ್ಕಿದ್ದದ್ದು ನಮ್ಮ ಬಾಯಿಂದ ಮಾತ್ರ. ಹಾಗಾಗಿ ನಾವು ಅವಳಿಗಾಗಿಯೂ ಉಣ್ಣಬೇಕಿತ್ತು. ಎರಿಕ್ ಫ್ರಾಮ್ ಎಂಬ ಮನೋವಿಜ್ಞಾನಿ 1956ರಲ್ಲಿ ಬಂದ 'ದಿ ಆರ್ಟ್ ಆಫ್ ಲವಿಂಗ್' ಪುಸ್ತಕದಲ್ಲಿ ಇಂಥ ತ್ಯಾಗಮಯಿ ತಾಯಂದಿರ ವಿಷಯ ಬರೆದಿದ್ದಾನೆ. ಅವರ ಮಕ್ಕಳಲ್ಲಿ ಕಾಣುವುದು ಸಂತೋಷಕ್ಕಿಂತ ಹೆಚ್ಚಾಗಿ ಅಳುಕು, ಅಮ್ಮನಿಗೆ ಬೇಸರವಾದೀತೆಂಬ ಭಯ. ಅವನು ನಮ್ಮ ಅಡುಗೆಮನೆಗೆ ಬಂದಿದ್ದನೋ ಎನಿಸುತ್ತದೆ.

ಆದರೂ ತಪ್ಪೆಲ್ಲ ದೊಡ್ಡಮ್ಮನ ತಲೆಗೆ ಕಟ್ಟಿ ಎದ್ದುಬಿಡಲು ಮನಸ್ಸೊಪ್ಪುವುದಿಲ್ಲ. ಮನೆ ತುಂಬ ಜನ, ಬುಟ್ಟಿಯಲ್ಲಿ ನಾಲ್ಕೇ ಹಣ್ಣು. ಗಂಡಸರದು ಮೊದಲ ಪಂಕ್ತಿ, ಮಕ್ಕಳದು ಆಮೇಲೆ, ತಳ ಕೆರೆದು ಉಣ್ಣುವುದು ಅಡುಗೆ ಮಾಡಿದವರ ಪಾಲು. ಅವಳು ಹುಟ್ಟುವ ಮೊದಲೇ ಬರೆದಿಟ್ಟ ಕಾನೂನು ಇದು. ಗೊರಟು ಇಷ್ಟ ಎಂದು ಹೇಳಿ ಅವಳು ತನ್ನ ಮಾನವನ್ನಾದರೂ ಉಳಿಸಿಕೊಂಡಳು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರ ಪೈಕಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡುಬಂತು. ಕಾರಣಗಳು ಹಲವು. ಅವುಗಳಲ್ಲಿ ಆ ಕೊನೆಯ ಪಂಕ್ತಿಗೂ ಒಂದು ಜಾಗ ಇದ್ದೇ ಇದೆ ಎಂಬ ಗುಮಾನಿ ನನ್ನದು. ನಿನ್ನನ್ನು ನೀನು ಪ್ರೀತಿಸಿಕೋ ಎಂದು ಹೆಂಡತಿಗೆ ಭಾಷಣ ಮಾಡುವ ಗಂಡ ಮೊದಲು ಸೌಟು ಹಿಡಿದು ನಿಂತು ಅವಳಿಗೊಂದು ತಟ್ಟೆ ಹಾಕಬೇಕು. ವಿಮಾನದಲ್ಲಿ ಆಮ್ಲಜನಕದ ಮುಖವಾಡವನ್ನು ಮೊದಲು ನೀವು ಹಾಕಿಕೊಳ್ಳಿ ಎನ್ನುವ ದೃಷ್ಟಾಂತ ಎಲ್ಲ ಭಾಷಣಕಾರರಿಗೂ ಬಾಯಿಪಾಠವಾಗಿದೆ. ಆದರೆ ನಮ್ಮ ಬಾಳಿನ ಬಹುಪಾಲು ಕಳೆಯುವುದು ಊಟದ ಹೊತ್ತಿನಲ್ಲೇ ಹೊರತು ವಿಮಾನ ಬೀಳುವ ಹೊತ್ತಿನಲ್ಲಲ್ಲ.

ಒಂದು ವರ್ಷ ಯುಗಾದಿಯ ಮರುದಿನ ನಾನು ಚಿಕ್ಕಮ್ಮನ ಮನೆಯಲ್ಲಿದ್ದೆ. ಒಬ್ಬಟ್ಟು ಮರುದಿನವೇ ಹೆಚ್ಚು ರುಚಿ, ಹೂರಣದ ಏಲಕ್ಕಿ ಕಣಕಕ್ಕೆಲ್ಲ ಇಳಿದಿರುತ್ತದೆ. ಆದರೆ ಮನೆಯಲ್ಲಿ ಉಳಿದಿದ್ದದ್ದು ಅವಳ ಡಬ್ಬಿಯಲ್ಲಿದ್ದ ಒಂದೇ ಒಂದು. ಅಷ್ಟರಲ್ಲಿ ಗ್ಯಾಸ್ ಸಿಲಿಂಡರ್ ತರುವವನು ಬಂದ. ಬಿಸಿಲಿಗೆ ಬೆವೆತು ಹೋಗಿದ್ದ. ಚಿಕ್ಕಮ್ಮ ಅವನಿಗೆ ನೀರು ಕೊಟ್ಟು, ಡಬ್ಬಿ ತೆಗೆದು, ಒಬ್ಬಟ್ಟನ್ನು ಸರಿಯಾಗಿ ಎರಡು ಭಾಗ ಮಾಡಿದಳು. ಅರ್ಧ ಅವನ ಕೈಗೆ. ಇನ್ನರ್ಧವನ್ನು ಬಾಗಿಲಿಗೆ ಒರಗಿ ನಿಂತು, ಅವನ ಊರಿನ ಜಾತ್ರೆ ಯಾವತ್ತು ಎಂದು ವಿಚಾರಿಸುತ್ತಾ ತಾನು ತಿಂದಳು. ಇಬ್ಬರಿಗೂ ಅವಸರವಿರಲಿಲ್ಲ.

ಅವನು ಹೋದ ಮೇಲೆ ನಾನು, "ಅಷ್ಟು ಸುಸ್ತಾಗಿ ಬಂದಿದ್ದ, ಪೂರ್ತಿ ಕೊಟ್ಟುಬಿಡಬಹುದಿತ್ತಲ್ಲ ಚಿಕ್ಕಮ್ಮ" ಅಂದೆ.

ಅವಳು ಬೆರಳಿಗಂಟಿದ ತುಪ್ಪ ನೆಕ್ಕಿ, ಡಬ್ಬಿ ತೊಳೆಯಲು ಹೋಗುತ್ತಾ, "ಯಾಕೋ? ನಾನೇನು ತಪ್ಪು ಮಾಡಿದೀನಿ?" ಅಂದಳು.