ಬಾಡಿಗೆಗೆ ತಂದ ಕಾದಂಬರಿ

ಕಾಸು ಕೊಟ್ಟು ಕಾದಂಬರಿ ಕೊಳ್ಳುವವರ ಮೇಲೆ ಲೈಬ್ರರಿ ಆಂಟಿಗೆ ಮೊದಲಿನಿಂದಲೂ ಒಂದು ಗುಮಾನಿ. ಸ್ವಂತದ ಪುಸ್ತಕ ಎಲ್ಲಿ ಓಡಿಹೋಗುತ್ತದೆ, ನಾಳೆ ಓದಿದರಾಯಿತು ಅಂತ ಕಪಾಟಿಗೆ ಸೇರಿಸುತ್ತಾರೆ. ಮನೆಗೆ ಬಂದ ನೆಂಟರು ಕಪಾಟು ನೋಡಿ ಹೊಗಳುವ ದಿನ ಬಂದರೂ ಓದುವ ನಾಳೆ ಮಾತ್ರ ಬರುವುದಿಲ್ಲ. ಬಾಡಿಗೆಗೆ ತಂದ ಪುಸ್ತಕದ ಜಾತಕವೇ ಬೇರೆ. ಶನಿವಾರ ತಂದದ್ದು ಸೋಮವಾರ ಸಂಜೆಯೊಳಗೆ ವಾಪಸು ಹೋಗಬೇಕು. ಅನ್ನಕ್ಕಿಟ್ಟು ಓದು, ಕರೆಂಟು ಹೋದರೆ ಮೇಣದಬತ್ತಿ ಹಚ್ಚಿಕೊಂಡು ಓದು, ಪರೀಕ್ಷೆ ಇದ್ದರೆ ಪಠ್ಯಪುಸ್ತಕದೊಳಗೆ ಇಟ್ಟುಕೊಂಡು ಓದು.

ಲೈಬ್ರರಿ ಆಂಟಿ ಎಂಬುದು ಬೀದಿಯ ಹುಡುಗರು ಇಟ್ಟ ಹೆಸರು. ಅವರು ಯಾವ ಗ್ರಂಥಾಲಯದಲ್ಲೂ ಕೆಲಸ ಮಾಡಿದವರಲ್ಲ. ಮೈಸೂರಿನ ಅಗ್ರಹಾರದಲ್ಲಿ ಹುಟ್ಟಿ ಬೆಳೆದು, ಬ್ಯಾಂಕಿನ ಕೌಂಟರಿನಲ್ಲಿ ನೋಟು ಎಣಿಸಿ ನಿವೃತ್ತರಾದವರು. ಆದರೆ ಎಪ್ಪತ್ತರ ದಶಕದ ಸರ್ಕ್ಯುಲೇಟಿಂಗ್ ಲೈಬ್ರರಿಗಳ ಮಾತು ತೆಗೆದರೆ ಸಾಕು, ಬ್ಯಾಂಕಿನ ಲೆಡ್ಜರಿಗಿಂತ ಹೆಚ್ಚಿನ ಲೆಕ್ಕ ಅವರ ಬಾಯಲ್ಲಿದೆ.

ಅವರ ಮನೆಯ ಹತ್ತಿರದ್ದು ಒಂದೇ ಬಾಗಿಲಿನ ಅಂಗಡಿ. ಡಿಪಾಸಿಟ್ ಕಟ್ಟಿದರೆ ಮೆಂಬರು. ಪುಸ್ತಕದ ಬೆಲೆಯಲ್ಲಿ ಹತ್ತರಲ್ಲೊಂದು ಪಾಲು ಬಾಡಿಗೆ. ತಡವಾದರೆ ದಿನದ ಮೇಲೆ ದಿನದ ದುಡ್ಡು. ಹೊಸ ಕಾದಂಬರಿ ಬಂದ ಕೂಡಲೇ ಅಂಗಡಿಯಾತ ಅದರ ಚಂದದ ಮುಖಪುಟವನ್ನು ಕಿತ್ತು ಒಳಗೆ ಅಂಟಿಸಿ, ಮೇಲೆ ದಪ್ಪ ರಟ್ಟು ಹಾಕಿಸಿ, ಬೆನ್ನಿಗೆ ನಂಬರು ಬರೆಯುತ್ತಿದ್ದ. ಬೈಂಡು ಬಿಚ್ಚಬಾರದೆಂದು ದಬ್ಬಳದಲ್ಲಿ ಎಷ್ಟು ಒಳಗೆ ಹೊಲಿಸುತ್ತಿದ್ದನೆಂದರೆ, ಎಡಪುಟದ ಸಾಲುಗಳ ಕೊನೆಯ ಅಕ್ಷರವನ್ನು ಓದುಗರೇ ಊಹಿಸಿಕೊಳ್ಳಬೇಕಿತ್ತು. ಊಹೆ ಅಭ್ಯಾಸವಾದ ಮೇಲೆ ಕಥೆಯಲ್ಲಿ ಮುಂದೇನು ಎಂಬುದೂ ಊಹೆಗೆ ಸಿಗತೊಡಗಿತು ಎನ್ನುತ್ತಾರೆ ಆಂಟಿ. ಇದನ್ನು ಎಷ್ಟು ನಂಬಬೇಕೋ ಅಷ್ಟೇ ನಂಬಬೇಕು.

ಅಂಗಡಿಗೆ ಹೊರಟ ಮಗಳಿಗೆ ಅಮ್ಮ ಅಡುಗೆಮನೆಯಿಂದಲೇ ಹೇಳುತ್ತಿದ್ದರು: “ತ್ರಿವೇಣೀದು ಸಿಕ್ಕಿದ್ರೆ ತಗೊಂಬಾರೇ. ಇಲ್ಲಾಂದ್ರೆ ಇಂದಿರಾದು. ಓದಿರೋದನ್ನೇ ಮತ್ತೆ ಹೊತ್ಕೊಂಡು ಬರಬೇಡ.” ಒಂದು ಬಾಡಿಗೆಗೆ ಮನೆಯಲ್ಲಿ ಮೂವರು ಓದುಗರು. ಮಧ್ಯಾಹ್ನ ಅಮ್ಮ, ಸಂಜೆ ಮಗಳು, ರಾತ್ರಿ ಊಟವಾದ ಮೇಲೆ, ಹೆಂಗಸರ ಕಾದಂಬರಿ ನಾನು ಓದೋದಿಲ್ಲ ಎಂದು ದಿನವೂ ಹೇಳುತ್ತಿದ್ದ ಅಜ್ಜ. ಪುಟ ಗುರುತಿಗೆ ಅಮ್ಮನದು ಹೂವಿನ ದಾರ, ಅಜ್ಜನದು ನಶ್ಯದ ಪೊಟ್ಟಣದ ಕಾಗದ. ಅಜ್ಜನ ಕಾಗದ ಅಮ್ಮನ ದಾರವನ್ನು ದಾಟಿ ಮುಂದೆ ಹೋದ ದಿನ ಮನೆಯಲ್ಲಿ ಮಾತು ಕಡಿಮೆ.

ಆ ಅಂಗಡಿಗಳನ್ನು ಸಾಕಿದ್ದು ಮುಖ್ಯವಾಗಿ ಲೇಖಕಿಯರೇ. ತ್ರಿವೇಣಿ ಮೈಸೂರಿನವರು, 1928ರಲ್ಲಿ ಹುಟ್ಟಿ 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಬರೆದದ್ದೆಲ್ಲ ಹತ್ತು ಹನ್ನೆರಡು ವರ್ಷಗಳ ಒಳಗೆ. ಅವರು ಹೋದ ವರ್ಷವೇ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರಾ’ ಬಂತು; ಆಗ ಇಂದಿರಾ ಅವರಿಗೆ ನಲವತ್ತೈದು ದಾಟಿತ್ತು. ಒಬ್ಬರು ಬೇಗ ಮುಗಿಸಿ ಹೋದರು, ಇನ್ನೊಬ್ಬರು ತಡವಾಗಿ ಶುರುಮಾಡಿದರು. ನಡುವೆ ಒಂದು ದಿನವೂ ಅಂಗಡಿ ಮುಚ್ಚಲಿಲ್ಲ ಎಂಬಂತೆ ಅಮ್ಮ ಇಬ್ಬರನ್ನೂ ಓದುತ್ತಾ ಹೋದರು. ಆಮೇಲೆ ಸಾಯಿಸುತೆ, ಉಷಾ ನವರತ್ನರಾಂ, ಎಚ್.ಜಿ. ರಾಧಾದೇವಿ. ಎಂಬತ್ತರ ದಶಕದಲ್ಲಿ ತೆಲುಗಿನ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ಕನ್ನಡಕ್ಕೆ ಬಂದಾಗ ರಾತ್ರಿ ಹಿತ್ತಲಿಗೆ ಹೋಗಲು ಜೊತೆ ಬೇಡಿದ ಹುಡುಗಿಯರಿಗೆ ಲೆಕ್ಕವಿಲ್ಲ.

ಸರ್ಕ್ಯುಲೇಟಿಂಗ್ ಲೈಬ್ರರಿ ನಮ್ಮದಲ್ಲದ ಕಲ್ಪನೆ. ಲಂಡನ್ನಿನಲ್ಲಿ ಚಾರ್ಲ್ಸ್ ಎಡ್ವರ್ಡ್ ಮ್ಯೂಡಿ ಎಂಬಾತ 1842ರಲ್ಲಿ ಪುಸ್ತಕ ಎರವಲು ಕೊಡತೊಡಗಿ, ವರ್ಷಕ್ಕೊಂದು ಗಿನಿ ಚಂದಾ ಇಟ್ಟು, ಇಂಗ್ಲಿಷ್ ಕಾದಂಬರಿಯ ಕತ್ತನ್ನೇ ಹಿಡಿದುಬಿಟ್ಟಿದ್ದ. ಕಾದಂಬರಿ ಮೂರು ಸಂಪುಟದಲ್ಲಿದ್ದರೆ ಒಂದೇ ಕಥೆಯನ್ನು ಒಂದೇ ಸಮಯಕ್ಕೆ ಮೂವರಿಗೆ ಕೊಡಬಹುದು. ಆದ್ದರಿಂದ ಲೇಖಕರು ಮೂರು ಸಂಪುಟ ತುಂಬುವಂತೆ ಎಳೆದು ಬರೆದರು. 1894ರಲ್ಲಿ ಲೈಬ್ರರಿಗಳೇ ಅದು ಬೇಡವೆಂದಾಗ ಆ ಮೂರು ಸಂಪುಟದ ಸಂಪ್ರದಾಯ ಕೆಲವೇ ವರ್ಷಗಳಲ್ಲಿ ಸತ್ತುಹೋಯಿತು. ಕನ್ನಡದಲ್ಲಿ ಇದರ ತಿರುಗುಮುರುಗು ಆಯಿತೆಂಬುದು ಆಂಟಿಯ ಸಿದ್ಧಾಂತ. ಎರಡು ದಿನದ ಬಾಡಿಗೆಯಲ್ಲಿ ಮುಗಿಯಬೇಕಲ್ಲ, ಹಾಗಾಗಿ ನಮ್ಮ ಜನಪ್ರಿಯ ಕಾದಂಬರಿಗಳು ಇನ್ನೂರು ಪುಟದ ಆಸುಪಾಸಿನಲ್ಲೇ ನಿಂತವು. ವಿಮರ್ಶಕರು ಯಾರೂ ಇದನ್ನು ಅವರ ಬಳಿ ಬಂದು ಕೇಳಿಲ್ಲ.

ಆದರೆ ಪುಸ್ತಕವೇ ಓದುಗನ ಮನೆ ಬಾಗಿಲಿಗೆ ನಡೆದು ಬರುವುದು ಮಾತ್ರ ನಮ್ಮಲ್ಲಿ ಹಳೆಯದು. ಹಾವೇರಿ ಸೀಮೆಯ ಗಳಗನಾಥರು, ಅಂದರೆ ವೆಂಕಟೇಶ ತಿರಕೋ ಕುಲಕರ್ಣಿ, ಶಾಲಾಮಾಸ್ತರಿಕೆ ಮಾಡಿ, ‘ಸದ್ಬೋಧ ಚಂದ್ರಿಕೆ’ ಪತ್ರಿಕೆ ನಡೆಸಿ, ಕಾದಂಬರಿಗಳನ್ನು ಬರೆದು, ಅವನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು. ಧಾರವಾಡದ ಜಿ.ಬಿ. ಜೋಶಿಯವರು 1933ರಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ಮೊದಲು ಹುಡುಕಿಕೊಂಡು ಆಮೇಲೆ ಪುಸ್ತಕ ಅಚ್ಚುಹಾಕಿತು. ವರ್ಷದ ಚಂದಾ ಕಟ್ಟಿದವರಿಗೆ ಅಂಚೆಯಲ್ಲಿ ಏನು ಬರುತ್ತದೋ ಅದೇ ಪ್ರಸಾದ. 1965ರಲ್ಲಿ ಹಾಗೆ ಬಂದ ಪ್ರಸಾದಗಳಲ್ಲಿ ಒಂದು ಅನಂತಮೂರ್ತಿಯವರ ‘ಸಂಸ್ಕಾರ’. ಕಟ್ಟು ಬಿಚ್ಚಿ ಓದಿದ ಎಷ್ಟು ಮನೆಗಳಲ್ಲಿ ಆ ದಿನ ಜಗಳವಾಯಿತೋ, ಅದನ್ನು ಬರೆದರೆ ಇನ್ನೊಂದು ಕಾದಂಬರಿ.

ಮೂರನೆಯ ದಾರಿ ವಾರಪತ್ರಿಕೆಯದು. ‘ಸುಧಾ’ ಶುರುವಾದದ್ದೂ 1965ರಲ್ಲೇ. ಧಾರಾವಾಹಿಯ ಹಾಳೆಗಳನ್ನು ವಾರವಾರವೂ ನಾಜೂಕಾಗಿ ಕಿತ್ತು, ಕೊನೆಯ ಕಂತು ಬಂದ ಮೇಲೆ ಸೂಜಿದಾರದಲ್ಲಿ ಹೊಲಿದು, ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿದರೆ ಪುಕ್ಕಟೆ ಕಾದಂಬರಿ ತಯಾರು. ಆಂಟಿಯ ಬಳಿ ಇಂಥ ಹೊಲಿಗೆಯ ಪುಸ್ತಕಗಳು ಈಗಲೂ ಇವೆ. ಅವನ್ನು ಅಚ್ಚಾದ ಪುಸ್ತಕದ ಜೊತೆಗಿಟ್ಟು ನೋಡುವುದು ಅವರ ಒಂದು ಚಟ. ಹಾಳೆಯ ಹಿಂಬದಿಯಲ್ಲಿ ಅರ್ಧ ಪಾಕವಿಧಾನ, ಪದಬಂಧದ ಮೂಲೆ, ಯಾವುದೋ ತಲೆನೋವಿನ ಮಾತ್ರೆಯ ಜಾಹೀರಾತು. ನಾಯಕಿ ಅಳುವ ಕಡೆಯೆಲ್ಲ ಆ ಮಾತ್ರೆಯೇ ಬಂದಿದೆ ಎಂದು ನಗುತ್ತಾರೆ.

ಬಾಡಿಗೆ ಪುಸ್ತಕದಲ್ಲಿ ಅವರಿಗೆ ತುಂಬ ಹಿಡಿಸಿದ್ದು ಹಿಂದಿನ ಓದುಗರು. ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ “ಇಂಥಾ ಗಂಡ ಯಾರಿಗೂ ಬೇಡ” ಎಂದು ಒಬ್ಬರು ಬರೆದರೆ, ಕೆಳಗೆ ನೀಲಿ ಶಾಯಿಯಲ್ಲಿ “ಮುಂದೆ ಓದಿ, ಸರಿಹೋಗ್ತಾನೆ” ಎಂದು ಇನ್ನೊಬ್ಬರ ಸಮಾಧಾನ, ಅದರ ಕೆಳಗೆ “ಇಲ್ಲ” ಎಂದು ಮೂರನೆಯವರ ತೀರ್ಪು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳಲ್ಲಿ ಇನ್ನೂ ಕಷ್ಟ. ಪತ್ತೇದಾರ ಪುರುಷೋತ್ತಮ ಇನ್ನೂ ಸ್ಥಳಕ್ಕೆ ಬಂದಿರುವುದಿಲ್ಲ, ಅಷ್ಟರಲ್ಲೇ ಯಾರೋ ಪುಣ್ಯಾತ್ಮರು ಮೊದಲನೇ ಪುಟದಲ್ಲಿ ಕೊಲೆಗಾರನ ಹೆಸರಿಗೆ ಗೆರೆ ಎಳೆದಿರುತ್ತಾರೆ.

ಅಂಚಿನ ಮಾತಿಗಿಂತ ಪುಟದ ಮೈ ನೋಡಿ ಕಾದಂಬರಿಯ ಬೆಲೆ ಕಟ್ಟುವುದನ್ನು ಅವರು ಕ್ರಮೇಣ ಕಲಿತರು. ಮೊದಲ ಐವತ್ತು ಪುಟ ಮಾಸಿ, ಉಳಿದದ್ದು ಬಿಳಿಯಾಗಿದ್ದರೆ ಜನ ನಡುವೆ ಕೈಬಿಟ್ಟಿದ್ದಾರೆ. ಕೊನೆಯ ಹತ್ತು ಪುಟ ಮಾತ್ರ ಕೊಳೆಯಾಗಿದ್ದರೆ ಹಾರಿಸಿ ಓದಿದ್ದಾರೆ. ತ್ರಿವೇಣಿಯವರ ‘ಶರಪಂಜರ’ ಮಾತ್ರ ಮೊದಲಿನಿಂದ ಕೊನೆವರೆಗೆ ಒಂದೇ ಸಮನೆ ಕಂದು. ಬಾಣಂತನದಲ್ಲಿ ಮನಸ್ಸು ಕದಡಿ, ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಬಂದ ಕಾವೇರಿಯನ್ನು ಮನೆಯವರೇ ಮತ್ತೆ ಹುಚ್ಚಿಯನ್ನಾಗಿ ಮಾಡುವ ಕಥೆ. 1971ರ ಪುಟ್ಟಣ್ಣ ಕಣಗಾಲರ ಚಿತ್ರ, ಕಲ್ಪನಾ ಅವರ ಅಭಿನಯ ಎಲ್ಲರ ನೆನಪಿನಲ್ಲಿವೆ. ಆದರೂ ಪುಸ್ತಕವೇ ಮೇಲು ಎಂಬುದು ಆಂಟಿಯ ಪಟ್ಟು. ಚಿತ್ರದಲ್ಲಿ ಕಾವೇರಿಯ ಕೂಗು ಕೇಳುತ್ತದೆ, ಪುಸ್ತಕದಲ್ಲಿ ನೆರೆಹೊರೆಯವರು ಅವಳ ಮುಂದೆ ದನಿ ತಗ್ಗಿಸುವುದು ಕೇಳುತ್ತದೆ. ಕೂಗಿಗಿಂತ ಅದು ಭಯಂಕರ.

‘ಸಂಸ್ಕಾರ’ದ ಬಗ್ಗೆ ಅವರದು ಒಂದೇ ತಕರಾರು, ಅದೂ ಹಳೆಯದು. ನಾರಣಪ್ಪನ ಹೆಣವನ್ನು ಸುಡುವವರು ಯಾರು ಎಂದು ಅಗ್ರಹಾರವಿಡೀ ಧರ್ಮಶಾಸ್ತ್ರ ತಿರುವುತ್ತ ಕೂತಾಗ, ಕೆಲಸ ಮುಗಿಸಿದವಳು ಚಂದ್ರಿ. ರಾತ್ರೋರಾತ್ರಿ ಗುಟ್ಟಾಗಿ ಸುಡಿಸಿ ಕುಂದಾಪುರದ ದಾರಿ ಹಿಡಿಯುತ್ತಾಳೆ. ಅಲ್ಲಿಂದ ಮುಂದೆ ಕಾದಂಬರಿ ಪ್ರಾಣೇಶಾಚಾರ್ಯರ ಹಿಂದೆ ಜಾತ್ರೆಯವರೆಗೂ ನಡೆಯುತ್ತದೆ, ಚಂದ್ರಿ ಏನಾದಳೆಂದು ಹೇಳುವುದಿಲ್ಲ. “ಆಚಾರ್ಯರ ಸಂಕಟ ಇರಲಿ ಸ್ವಾಮಿ, ಆ ಹುಡುಗಿ ಬಸ್ಸು ಹತ್ತಿದಳೋ ಇಲ್ಲವೋ?” ಎಂದು ಪುಸ್ತಕ ವಾಪಸು ಕೊಡುವಾಗ ಅಂಗಡಿಯಾತನನ್ನೇ ಕೇಳಿದ್ದರಂತೆ. ಆತ ಬಾಡಿಗೆ ಇಸಿದುಕೊಂಡು ಸುಮ್ಮನಾದ.

ಭೈರಪ್ಪನವರಲ್ಲಿ ಅವರ ಆಯ್ಕೆ ‘ಪರ್ವ’ ಅಲ್ಲ, ‘ವಂಶವೃಕ್ಷ’ವೂ ಅಲ್ಲ, 1970ರ ‘ಗೃಹಭಂಗ’. ಅಲ್ಲಿ ಯಾರೂ ಚರ್ಚೆ ಮಾಡುವುದಿಲ್ಲ ಎಂಬುದೇ ಕಾರಣ. ನಂಜಮ್ಮ ಗಂಡನ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆಯುತ್ತಾಳೆ, ಅತ್ತೆ ಗಂಗಮ್ಮನ ಬಾಯಿ ತಡೆಯುತ್ತಾಳೆ, ಪ್ಲೇಗಿಗೆ ಮಕ್ಕಳನ್ನು ಕೊಡುತ್ತಾಳೆ. ಬ್ಯಾಂಕಿನಲ್ಲಿ ದಿನದ ಕೊನೆಗೆ ಲೆಕ್ಕ ತಾಳೆಯಾಗದೆ ಕೂತ ಸಂಜೆಗಳಲ್ಲಿ ಆಂಟಿಗೆ ನೆನಪಾಗುತ್ತಿದ್ದವಳು ನಂಜಮ್ಮ. ಇಂದಿರಾ ಅವರಲ್ಲಿ ‘ಫಣಿಯಮ್ಮ’. 1976ರ ಈ ಸಣ್ಣ ಪುಸ್ತಕ ಇಂದಿರಾ ಅವರ ಮನೆತನದಲ್ಲೇ ಬಾಳಿದ್ದ ಬಾಲವಿಧವೆಯೊಬ್ಬರ ಕಥೆ. ತಾನು ತಲೆ ಬೋಳಿಸಿಕೊಂಡು ಬಾಳಿದ ಮುದುಕಿ, ಇನ್ನೊಬ್ಬ ಎಳೆಯ ವಿಧವೆ ಅದನ್ನು ಒಲ್ಲೆನೆಂದಾಗ ಅವಳ ಪರ ನಿಲ್ಲುತ್ತಾಳೆ. ಇಂಥ ಬಂಡಾಯಕ್ಕೆ ಭಾಷಣ ಬೇಕಾಗಿಲ್ಲ ಎಂದು ಆಂಟಿ ಹೇಳುವಾಗ, ಅವರೇ ಒಂದು ಸಣ್ಣ ಭಾಷಣ ಮಾಡುತ್ತಿರುತ್ತಾರೆ.

ಬಾಡಿಗೆಯ ಗಡುವಿಗೆ ಬಗ್ಗದ ಕಾದಂಬರಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. 1967ರಲ್ಲಿ ಬಂದದ್ದು, ಏಳುನೂರು ಪುಟಕ್ಕೂ ಮೇಲೆ. ಅಂಗಡಿಯಾತ ಅದನ್ನು ಇಡುತ್ತಲೇ ಇರಲಿಲ್ಲ; ಒಮ್ಮೆ ಹೋದದ್ದು ತಿಂಗಳಾದರೂ ಬರುವುದಿಲ್ಲ, ಬಾಡಿಗೆ ಕೇಳಿದರೆ ಜಗಳ. ಕೆಲಸಕ್ಕೆ ಸೇರಿದ ಮೇಲೆ ಆಂಟಿ ಅದನ್ನು ಕೊಂಡೇ ಓದಿದರು. ಯಾರಿಗೆ ಯಾರು ಏನಾಗಬೇಕೆಂದು ಬ್ಯಾಂಕಿನ ಚಲನ್ನಿನ ಹಿಂಬದಿ ವಂಶಾವಳಿ ಬರೆದುಕೊಂಡು, ಗುತ್ತಿಯ ಹಿಂದೆ ಹುಲಿಯ ಎಂಬ ನಾಯಿ ನಡೆದಷ್ಟೇ ನಿಧಾನವಾಗಿ ನಡೆದು, ಕೊನೆಗೆ ತುಂಗೆಯ ನೆರೆಯಲ್ಲಿ ಹುಲಿಯ ಕೊಚ್ಚಿಹೋದಾಗ ಪುಸ್ತಕ ಮುಚ್ಚಿಟ್ಟು ಒಂದು ವಾರ ತೆರೆಯಲಿಲ್ಲ. ಬಾಡಿಗೆಯದಾಗಿದ್ದರೆ ಆ ವಾರದ ದಂಡ ಯಾರು ಕಟ್ಟಬೇಕಿತ್ತು?

ಸರ್ಕಾರಿ ಗ್ರಂಥಾಲಯಗಳೂ ಇದ್ದವು. ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯದೂ 1965ರ ವರ್ಷವೇ. ಗ್ರಂಥಾಲಯ ಶಾಸ್ತ್ರದ ಎಸ್.ಆರ್. ರಂಗನಾಥನ್ ಆಗ ಬೆಂಗಳೂರಿನಲ್ಲೇ ನೆಲೆಸಿದ್ದರು. ಓದುಗರ ಸಮಯ ಉಳಿಯಬೇಕು ಎಂಬುದು 1931ರಲ್ಲಿ ಅವರು ಕೊಟ್ಟ ಐದು ಸೂತ್ರಗಳಲ್ಲೊಂದು. ಬಾಡಿಗೆ ಅಂಗಡಿಯಾತ ರಂಗನಾಥನ್ ಹೆಸರು ಕೇಳಿದ್ದನೋ ಇಲ್ಲವೋ, ಸೂತ್ರ ಮಾತ್ರ ಅವನ ಕೈಬೆರಳಿನಲ್ಲಿತ್ತು. ಮೆಟ್ಟಿಲು ಹತ್ತುವ ಹೆಂಗಸಿನ ಮುಖ ನೋಡಿಯೇ ಅವಳು ಓದದಿರುವ ಪುಸ್ತಕ ಎಳೆದು ಮೇಜಿನ ಮೇಲಿಡುತ್ತಿದ್ದ.

ಬಾಡಿಗೆ ಅಂಗಡಿಗಳಿಗೆ ಕುತ್ತಾಗಿ ಮೊದಲು ಕೇಬಲ್ ಟಿವಿ ಬಂತು. 1998ರಲ್ಲಿ ದೂರದರ್ಶನದಲ್ಲಿ ‘ಮಾಯಾಮೃಗ’ ಧಾರಾವಾಹಿ ಬರತೊಡಗಿದಾಗ ಸಂಜೆಯ ಗಿರಾಕಿಗಳು ತಪ್ಪಿದರು. ಅಂಗಡಿಗಳು ಒಂದೊಂದಾಗಿ ಮುಚ್ಚಿ, ರಟ್ಟಿನ ಪುಸ್ತಕಗಳು ತೂಕದ ಲೆಕ್ಕದಲ್ಲಿ ಹಳೆ ಪುಸ್ತಕದವರಿಗೆ ಹೋದವು. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಹಳೆ ಪುಸ್ತಕದಂಗಡಿಗಳಲ್ಲಿ ಆಂಟಿ ಅವನ್ನು ಮತ್ತೆ ಹಿಡಿದರು. ಬೇರೆಯವರು ಅಲ್ಲಿ ಮೊದಲ ಮುದ್ರಣ, ಲೇಖಕರ ಸಹಿ ಹುಡುಕಿದರೆ, ಇವರು ಹುಡುಕುತ್ತಿದ್ದದ್ದು ಊರೂರಿನ ಲೈಬ್ರರಿಗಳ ಸೀಲು, ವಾಪಸು ದಿನಾಂಕದ ಚೀಟಿ. ತ್ರಿವೇಣಿಯವರ ಒಂದು ‘ಬೆಳ್ಳಿ ಮೋಡ’ದ ಚೀಟಿಯ ಮೇಲೆ ಜಾಗ ಸಾಲದೆ ಇನ್ನೊಂದು, ಅದರ ಮೇಲೆ ಮತ್ತೊಂದು ಅಂಟಿಸಿ ರಟ್ಟೇ ದಪ್ಪವಾಗಿತ್ತು. ಪಕ್ಕದಲ್ಲೇ ಇದ್ದ, ಪ್ರಶಸ್ತಿ ಪಡೆದ ಒಂದು ಕಾದಂಬರಿಯ ಚೀಟಿಯಲ್ಲಿ ಒಂದೇ ದಿನಾಂಕ. ಅದರ ಹೆಸರು ಹೇಳಲು ಆಂಟಿ ಒಪ್ಪಿಲ್ಲ. 2012ರಲ್ಲಿ ಆ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತ ಮೇಲೆ ಅಲ್ಲಿಯ ಮಳಿಗೆಗಳು ಖಾಲಿಯಾದವು.

ತಂಗಿಯ ಮಗಳು ಫೋನಿನಲ್ಲಿ ತಿಂಗಳ ಚಂದಾ ಕಟ್ಟಿ ಕನ್ನಡ ಕಾದಂಬರಿ ಕೇಳುತ್ತಾಳೆ. ಇದೂ ಬಾಡಿಗೆಯೇ ತಾನೆ ಎಂದು ಆಂಟಿಗೆ ಖುಷಿ. ಆದರೆ ಹಿಂದೆ ಕೇಳಿದವರು ಎಲ್ಲಿ ಬೈದರು, ಎಲ್ಲಿ ಅತ್ತರು ಎಂಬುದು ಅದರಲ್ಲಿ ಕಾಣುವುದಿಲ್ಲವಲ್ಲ ಎಂದು ಆಕ್ಷೇಪ. ತಮ್ಮ ಮನೆಯ ಪುಸ್ತಕಗಳನ್ನು ಮಾತ್ರ ಅವರು ಬೀದಿಗೆಲ್ಲ ಎರವಲು ಕೊಡುತ್ತಾರೆ. ನೋಟ್‌ಬುಕ್ಕಿನಲ್ಲಿ ಹೆಸರು, ತಾರೀಕು, ವಾಪಸಿನ ಸಹಿ ಎಲ್ಲ ಬ್ಯಾಂಕಿನ ಕ್ರಮದಲ್ಲೇ. ತೇಜಸ್ವಿಯವರ ‘ಚಿದಂಬರ ರಹಸ್ಯ’ ಒಯ್ದ ಎದುರುಮನೆಯ ಹುಡುಗ ತಿಂಗಳಾದರೂ ಪತ್ತೆಯಿಲ್ಲ. ಗೇಟಿನ ಹತ್ತಿರ ನಿಂತು ಅವನ ತಾಯಿಯನ್ನು ಕೇಳಿದರು.

“ಅವನದು ಎರಡೇ ದಿನಕ್ಕೆ ಮುಗೀತು ಆಂಟಿ. ಈಗ ನಮ್ಮತ್ತೆ ಓದ್ತಿದಾರೆ, ಅವರಾದ ಮೇಲೆ ನಾನು.”

“ಹಾಗಾದ್ರೆ ಬಾಡಿಗೆ ಮೂರು ಪಾಲು,” ಎಂದು ಆಂಟಿ ನೋಟ್‌ಬುಕ್ಕಿನಲ್ಲಿ ಇನ್ನೆರಡು ಹೆಸರು ಸೇರಿಸಿಕೊಂಡರು.